ಕುರಿ ತರುಬದ ಪಟ್ಟಿ

ಲಿಂಗಸುಗೂರಿನಿಂದ ಬಂದ ಬಸ್ಸು ಗುರುಗುಂಟಾದಲ್ಲಿ ನಿಂತಾಗ ಅಂಬಿಕಾ ಮನೆಯ ಕಡೆ ಹೊರಳಲಿಲ್ಲ. ಚಹಾದಂಗಡಿಯ ಖಾಜಾಸಾಬ್‌ನ ಹತ್ತಿರ ಬ್ಯಾಗು ಇಟ್ಟು ಹೊಲದ ದಾರಿ ಹಿಡಿದಳು. ಗಂಡ ನಿಂಗರಾಜ ತೀರಿಕೊಂಡ ಮೇಲೆ ತವರಿಗೆ, ಗೊರೇಬಾಳಕ್ಕೆ, ಹೋಗಿದ್ದವಳು ಈಗ ವಾಪಸು ಬಂದಿದ್ದಳು. ಅತ್ತೆ ಮಾವನ ಮುಖಕ್ಕಿಂತ ಮೊದಲು ಅವಳಿಗೆ ಹೊಲ ನೋಡಬೇಕಿತ್ತು. ಮುಂಗಾರು ಬೀಳುವುದರೊಳಗೆ ಮಣ್ಣು ತೆಗೆದು ವಿಶ್ವವಿದ್ಯಾಲಯಕ್ಕೆ ಒಯ್ಯಬೇಕು. ಅದೊಂದು ಕೆಲಸ ಉಳಿದಿದೆ ಎಂಬುದನ್ನು ಹಿಡಿದುಕೊಂಡೇ ಅವಳು ಇಷ್ಟು ದಿನ ಎದ್ದು, ಸ್ನಾನ ಮಾಡಿ, ಊಟ ಮಾಡಿದ್ದಳು.

ಕೆಲಸ ಇಷ್ಟೇ. ಈ ಸೀಮೆಯಲ್ಲಿ ಬೇಸಿಗೆಯಲ್ಲಿ ಹೊಲಕ್ಕೆ ಕುರಿ ತರುಬುತ್ತಾರೆ. ಹಿಂಡನ್ನು ಬಲೆಯೊಳಗೆ ಕೂಡಿ ಒಂದು ರಾತ್ರಿ ಹೊಲದಲ್ಲಿ ನಿಲ್ಲಿಸಿದರೆ ಅದರ ಹಿಕ್ಕೆ, ಗಂಜಳವೆಲ್ಲ ನೆಲಕ್ಕೆ ಸೇರಿ ಬೆಳೆ ಎದ್ದು ನಿಲ್ಲುತ್ತದೆ. ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ಎಷ್ಟು, ಯಾಕೆ, ಎಷ್ಟು ಕಾಲ ಎಂಬುದನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಅಂಬಿಕಾಳ ಪಿಎಚ್‌ಡಿ ಆ ಅಳತೆ. ಮಾವ ಆದೆಪ್ಪನ ಹೊಲದಲ್ಲಿ ಅವಳು ಮೂರು ಪಟ್ಟಿ ಮಾಡಿಕೊಂಡಿದ್ದಳು. ಒಂದರಲ್ಲಿ ವರ್ಷಕ್ಕೆ ಒಂದು ರಾತ್ರಿ ಕುರಿ, ಇನ್ನೊಂದರಲ್ಲಿ ಹೆಚ್ಚು ರಾತ್ರಿ, ಮೂರನೆಯದರಲ್ಲಿ ಕುರಿ ಕಾಲಿಡಬಾರದು. ಅಳತೆ ಯಾವುದೇ ಇರಲಿ, ಅದು ಸೊನ್ನೆಯಿಂದ ಶುರುವಾಗಬೇಕು. ಮೂರನೆಯ ಪಟ್ಟಿ ಆ ಸೊನ್ನೆ. ಮೂರು ವರ್ಷ ಅದು ಹಾಗೇ ಉಳಿದರೆ ಮಾತ್ರ ಉಳಿದೆರಡು ಪಟ್ಟಿಗೆ ಅರ್ಥ. ಇದು ಮೂರನೆಯ ವರ್ಷ.

ಬೇವಿನ ಮರ ದಾಟಿ ಬದುವಿನ ಮೇಲೆ ನಿಂತವಳಿಗೆ ಮೊದಲು ವಾಸನೆ ಬಡಿಯಿತು. ಆಮೇಲೆ ಕಣ್ಣಿಗೆ ಕಂಡಿತು. ಮೂರು ಪಟ್ಟಿಗಳದೂ ಒಂದೇ ಬಣ್ಣ. ಸೊನ್ನೆಯಾಗಿರಬೇಕಿದ್ದ ನೆಲದ ತುಂಬ ಹಿಕ್ಕೆ, ಉಳಿದೆರಡಕ್ಕಿಂತ ದಟ್ಟವಾಗಿ, ಕಾಲಿಡಲು ಜಾಗವಿಲ್ಲದಂತೆ. ಬಲೆಯ ಗೂಟಗಳ ತೂತುಗಳು ಅಲ್ಲಲ್ಲಿ ಇನ್ನೂ ಬಾಯಿ ತೆರೆದಿದ್ದವು. ಅವಳು ಕೆಂಪು ಬಣ್ಣ ಬಳಿದು ನೆಟ್ಟಿದ್ದ ಗಡಿಗೂಟಗಳನ್ನು ಯಾರೋ ಕಿತ್ತು, ಒಂದೂ ಮುರಿಯದಂತೆ, ಮರದ ಬುಡಕ್ಕೆ ಒರಗಿಸಿಟ್ಟಿದ್ದರು. ಆ ಜೋಪಾನ ನೋಡಿ ಅವಳ ಮೈ ಉರಿಯಿತು.

ಗಂಡನ ಹೆಣ ಅಂಗಳಕ್ಕೆ ಬಂದ ದಿನದಿಂದ ಅವಳ ಎದೆಯಲ್ಲಿ ಏನೂ ಇರಲಿಲ್ಲ. ಅತ್ತಿರಲೂ ಇಲ್ಲ. ‘ಕಲ್ಲಿನಂಥಾಕಿ’ ಎಂದು ಹೆಂಗಸರು ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಈಗ ಏನೋ ಬಂತು. ಅಳುವಲ್ಲ.

ಮನೆಯ ಪಡಸಾಲೆಯಲ್ಲಿ ಅತ್ತೆ ಗದ್ದೆಮ್ಮ ತೊಗರಿ ಹಸನು ಮಾಡುತ್ತ ಕೂತಿದ್ದಳು. ಆದೆಪ್ಪ ಕಂಬಕ್ಕೆ ಒರಗಿ ಹರಿದ ಬಲೆ ಹೆಣೆಯುತ್ತಿದ್ದ.

“ಬಂದ್ಯಾ ಯವ್ವಾ? ಈ ಬಿಸಲಾಗ ನಡಕೊಂಡು ಬಂದಿ? ಒಂದು ಫೋನ್ ಮಾಡಿದ್ರ ನಿಮ್ಮ ಮಾವ ಬಸ್‌ಸ್ಟ್ಯಾಂಡಿಗೆ ಬರ್ತಿದ್ದ.”

“ನನ್ನ ಪಟ್ಟಿಗೆ ಕುರಿ ಯಾರು ತರುಬಿದ್ರು?”

ಗದ್ದೆಮ್ಮನ ಮುಖ ಅರಳಿತು. ಸೊಸೆ ಕೇಳಲಿ ಎಂದು ಕಾದವಳಂತೆ ಮೊರ ಪಕ್ಕಕ್ಕಿಟ್ಟಳು. “ನೋಡಿ ಬಂದ್ಯಾ? ಎಲ್ಲಾರೂ ಬಂದಿದ್ರು ನೋಡವ್ವಾ. ನನ್ನ ತವರಿನವರು, ನಿಮ್ಮ ಮಾವನ ಅಣ್ತಮ್ಮರು, ಮಸ್ಕಿ ಕಡೆ ಮಂದಿ ಸೈತ ಹಿಂಡು ಹೊಡಕೊಂಡು ಬಂದ್ರು. ಒಬ್ಬರೂ ಒಂದು ಸೇರು ಕಾಳು ಮುಟ್ಟಲಿಲ್ಲ. ಎಲ್ಲಾ ನಿಂಗರಾಜನ ಹೆಸರಿಲೆ.”

ಅಂಬಿಕಾಳಿಗೆ ಆ ಪದ್ಧತಿ ಕೇಳಿ ಗೊತ್ತಿತ್ತು. ವಯಸ್ಸಿನ ಗಂಡಸು ಸತ್ತರೆ ಬಂಧುಗಳೆಲ್ಲ ತಮ್ಮ ತಮ್ಮ ಹಿಂಡು ತಂದು ಅವನ ಹೊಲದಲ್ಲಿ ಒಂದು ರಾತ್ರಿ ತರುಬುತ್ತಾರೆ. ಬೇರೆ ದಿನವಾದರೆ ಅದಕ್ಕೆ ಕಾಳು ಅಳೆದು ಕೊಡಬೇಕು, ಸತ್ತವನ ಹೊಲಕ್ಕೆ ಯಾರೂ ಕೈಚಾಚುವುದಿಲ್ಲ. ಆಳು ಹೋದರೂ ಹೊಲ ಬರಿದಾಗಬಾರದು ಎಂಬ ಮಾತು. ಗೊತ್ತಿತ್ತು, ಆದರೆ ಆ ಮಾತು ತನ್ನ ಮನೆಗೂ ಬರುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ಅಷ್ಟು ದೊಡ್ಡ ಹೊಲ ಬಿಟ್ಟು ಅದೊಂದು ಪಟ್ಟಿಗೇ ಯಾಕ?”

“ಅದೇ ಬರಿದಾಗಿತ್ತಲ್ಲ,” ಎಂದ ಆದೆಪ್ಪ, ಬಲೆಯಿಂದ ತಲೆ ಎತ್ತದೆ.

“ಬರಿದಾಗೇ ಇರಬೇಕಿತ್ತು ಮಾವಾ! ಎಷ್ಟು ಸಲ ಹೇಳೀನಿ ನಿಮಗ? ನಿಮ್ಮ ಎದುರಿಗೇ ಗೂಟ ನೆಟ್ಟೀನಿ. ನಿಮ್ಮ ಮಗ ಬ್ಯಾಸಗಿ ಪೂರ್ತಿ ಅಲ್ಲೇ ಕಂಬಳಿ ಹಾಸಿ ಮಲಗಿ ಕಾಯ್ದಾನ. ನಿಮ್ಮ ಕುರಿನ್ನೇ ಬಡಿಗಿ ಹಿಡದು ಹಿಂದಕ್ಕ ಹೊಡದಾನ. ಅದು ನಿಮಗ ಆಟ ಅನಸ್ತೇನ್ರಿ?”

ಅವಳ ದನಿ ಓಣಿಗೆ ಕೇಳಿಸಿತು. ಪಕ್ಕದ ಮನೆಯ ಬಾಗಿಲು ಕಿರ್ರೆಂದಿತು. ಗದ್ದೆಮ್ಮ ಎದ್ದು ನಿಂತಳು. ಅರಳಿದ ಮುಖ ಈಗ ಗಟ್ಟಿಯಾಗಿತ್ತು.

“ಹೂಂ, ಕಾಯ್ದ. ಕಾಯ್ದು ಏನ ಪಡಕೊಂಡ? ಊರ ಮಂದಿ ಏನಂದ್ರು ಗೊತ್ತೈತೇನ ನಿನಗ? ನೀ ತವರಾಗ ಕುಂತಿದ್ದಿ. ಭೂಮ್ತಾಯಿನ್ನ ಉಪಾಸ ಕೆಡವ್ಯಾಳ ಸೊಸಿ, ಹಂಥಾಕಿ ಮನ್ಯಾಗ ದೀಪ ಉಳೀತದೇನ, ಅಂದ್ರು. ಆ ಯಮನೂರಮ್ಮ ನಳದ ಮುಂದ ಕೊಡ ಇಟಗೊಂಡು ಅಂದ್ಲು. ಮಗನ್ನ ಮಣ್ಣು ಮಾಡಿ ಬಂದ ಕಿವಿಲೆ ನಾ ಅದನ್ನ ಕೇಳಿದೆ.”

“ನೀವೂ ಹಂಗ ಅಂತೀರೇನ್ ಅತ್ತೀ?”

“ನಾ ಅನ್ನಲಿಲ್ಲ.” ಗದ್ದೆಮ್ಮ ಸೆರಗು ಕೊಡವಿದಳು. “ನಾ ಆ ಮಾತು ಮುಚ್ಚಿದೆ. ಎಲ್ಲಾರ ಹಿಂಡು ಕರಸಿ, ಹಿಕ್ಕಿ ಹಾಕಿ, ಮುಚ್ಚಿದೆ. ನಿನ್ನ ಸಲುವಾಗೇ ಮುಚ್ಚಿದೆ ಬೇ.”

ಅಂಬಿಕಾ ಹೊಸ್ತಿಲು ಇಳಿದಳು. ಖಾಜಾಸಾಬ್‌ನ ಅಂಗಡಿಗೆ ಹೋಗಿ ಬ್ಯಾಗು ತಂದಳು. ಆ ದಿನ ಮನೆಯಲ್ಲಿ ಮೂವರೂ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದರು.

*

ನಿಂಗರಾಜ ಮಸ್ಕಿಯಲ್ಲಿ ಬೆಳೆಗೆ ಔಷಧಿ ಹೊಡೆಯುವ ಪಂಪು, ಮೋಟಾರು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ, ದಿನಾ ಬೈಕಿನಲ್ಲಿ ಹೋಗಿಬರುತ್ತಿದ್ದ. ಹೆಂಡತಿ ಶಹರದಲ್ಲಿ ಓದುವುದಕ್ಕೆ ಅವನ ತಕರಾರು ಇರಲಿಲ್ಲ. ನೀರಾವರಿ ಸೀಮೆಯಲ್ಲಿ, ಭತ್ತದ ಗದ್ದೆಗಳ ನಡುವೆ ಹುಟ್ಟಿದ ಹುಡುಗಿ ಒಣಬೇಸಾಯದ ಊರಿಗೆ ಸೊಸೆಯಾಗಿ ಬಂದು ಕುರಿಹಿಕ್ಕೆಯ ಮೇಲೆ ಪಿಎಚ್‌ಡಿ ಮಾಡುತ್ತಾಳೆ ಎಂದು ಗೆಳೆಯರಿಗೆ ಹೇಳಿಕೊಂಡು ನಗುತ್ತಿದ್ದ. ಆ ನಗುವಿನಲ್ಲಿ ಹೆಮ್ಮೆಯೇ ಹೆಚ್ಚಿತ್ತು.

“ಕುರಿ ಕಾಯೋರ್ನ ಕಂಡೀನಿ. ಕುರಿ ಬರದಂಗ ಕಾಯೋನು ನಾ ಒಬ್ಬನೇ,” ಎಂದಿದ್ದ ಒಮ್ಮೆ. “ನಿಮ್ಮ ಯುನಿವರ್ಸಿಟಿಯವರು ನನಗೇನ ಕೊಡ್ತಾರ?”

“ಥೀಸಿಸ್ಸಿನಾಗ ನಿನ್ನ ಹೆಸರು ಹಾಕ್ತೀನಿ. ಮೊದಲ ಪುಟಕ್ಕ, ಎಲ್ಲಾರಿಗೂ ಉಪಕಾರ ನೆನಸೋ ಕಡೆ.”

“ಅಲ್ಲಿ ಬ್ಯಾಡ. ಆ ಪುಟ ಯಾರು ಓದ್ತಾರ? ಪಟ್ಟಿ ಬಗ್ಗೆ ಬರದಿರ್ತೀಯಲ್ಲ, ಅಲ್ಲಿ ಹಾಕು. ಮೂರನೇ ಪಟ್ಟಿ, ಕಾವಲು ನಿಂಗರಾಜ ಅಂತ.”

ಬೇಸಿಗೆಯ ಭತ್ತ ಕೊಯ್ಯುವ ದಿನಗಳಲ್ಲಿ ಆ ಕಡೆಯ ರಸ್ತೆಗಳಲ್ಲಿ ಕಟಾವಿನ ಮಷೀನುಗಳು ಊರಿಂದೂರಿಗೆ ಓಡಾಡುತ್ತವೆ. ಕತ್ತಲಾಗುವ ಹೊತ್ತಿನಲ್ಲಿ ದೀಪವಿಲ್ಲದ ಒಂದು ಮಷೀನು ರಸ್ತೆಗೆ ಅಡ್ಡ ಹೊರಳಿತು. ನಿಂಗರಾಜನ ಬೈಕು ಅದರ ಕೆಳಗೆ ಹೋಯಿತು. ಹೇಳಲು ಇದಕ್ಕಿಂತ ಹೆಚ್ಚಿಲ್ಲ.

*

ಶಹರದ ವಿಶ್ವವಿದ್ಯಾಲಯ ಒಂದು ಊರಿಗಿಂತ ದೊಡ್ಡದು. ಗೇಟಿನಿಂದ ವಿಭಾಗಕ್ಕೆ ಹೋಗಲು ಅದರದೇ ಬಸ್ಸು, ಅದರದೇ ಕೆರೆ, ಅದರದೇ ಅಂಚೆ ಕಚೇರಿ. ಮೊದಲ ವರ್ಷ ಅಂಬಿಕಾ ಅಲ್ಲಿ ದಾರಿ ತಪ್ಪಿ, ಕೇಳಲು ನಾಚಿ, ಅರ್ಧ ದಿನ ನಡೆದಿದ್ದಳು. ಆಮೇಲೆ ಅದು ಅವಳದಾಯಿತು. ಪ್ರಯೋಗಾಲಯದ ಒಲೆಯಲ್ಲಿ ಮಣ್ಣು ಒಣಗಿಸುವಾಗ ಬರುವ ಬಿಸಿ ವಾಸನೆ, ಮಷೀನಿನ ಸರದಿಗಾಗಿ ಬೆಳಗಾಗುವ ಮೊದಲೇ ನಿಲ್ಲುವ ಸಾಲು, ಗ್ರಂಥಾಲಯದ ಮಹಡಿಯ ಮೂಲೆಯ ಕುರ್ಚಿ. ಅಲ್ಲಿ ಯಾರೂ ಅವಳನ್ನು ಯಾರ ಮಗಳು, ಯಾರ ಸೊಸೆ ಎಂದು ಕೇಳಿರಲಿಲ್ಲ. ಅದೊಂದೇ ಕಾರಣಕ್ಕೆ ಅವಳು ಆ ಜಾಗವನ್ನು ಪ್ರೀತಿಸಿದ್ದಳು.

ಈಗ ಅಲ್ಲಿಯೂ ಎಲ್ಲರಿಗೂ ಗೊತ್ತಾಗಿತ್ತು. ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವಳ ಮೇಜಿನ ಮೇಲೆ ಹೊಸ ವಿದ್ಯಾರ್ಥಿಯೊಬ್ಬನ ಶೀಶೆಗಳಿದ್ದವು. ‘ನೀವು ಬರೋದು ತಡ ಆಗಬಹುದು ಅಂತ... ಪಾಪ,’ ಎಂದ ಅವನು. ಪಾಪ ಎಂಬ ಆ ಎರಡಕ್ಷರ ಗುರುಗುಂಟಾದಿಂದ ಬಸ್ಸು ಹತ್ತಿ ಅವಳಿಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು.

ಅವಳ ಮಾರ್ಗದರ್ಶಕ ಪ್ರೊಫೆಸರ್ ಹನುಮಂತರಾಯ ಕುರ್ಚಿ ತೋರಿಸಿ, ಫ್ಯಾನು ಜೋರು ಮಾಡಿ, ನೀರು ತರಿಸಿದರು. ಅವಳು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅವರು ಕೇಳಿ ಸಣ್ಣಗೆ ನಕ್ಕರು.

“ನಿಮ್ಮ ಕಡೆ ಜನ ಬಹಳ ಮುಗ್ಧರಮ್ಮ. ಕುರಿ ಬರಬಾರದು ಅಂದ ಜಾಗಕ್ಕೇ ಊರ ಕುರಿಯೆಲ್ಲ ತಂದು ಕಟ್ಟಿದ್ದಾರೆ!”

ಆ ನಗು ಅವಳಿಗೆ ಹಿಡಿಸಲಿಲ್ಲ. ಅತ್ತೆಯ ಮೇಲೆ ತಾನು ಕೂಗಾಡಬಹುದು. ಇವರು ನಗಬಾರದು.

“ಮೂರನೇ ವರ್ಷದ ಸೊನ್ನೆ ಪಟ್ಟಿ ಇಲ್ಲ ಸರ್. ಏನು ಮಾಡಲಿ?”

“ಏನೂ ಆಗಿಲ್ಲ. ಎರಡು ವರ್ಷದ ಸಂಖ್ಯೆ ಇದೆಯಲ್ಲ? ಮೂರನೇದೂ ಅದೇ ಗೆರೆಯಲ್ಲಿ ಹೋಗತ್ತೆ. ಎಳೆದುಬಿಡು.”

“ಗೆರೆ ಎಳೀಬಹುದು ಸರ್. ಮಣ್ಣು ಇಲ್ಲವಲ್ಲ.”

“ಮಣ್ಣು ಯಾರು ಕೇಳ್ತಾರೆ? ಗುರುಗುಂಟಾಕ್ಕೆ ಯಾರು ಬರ್ತಾರೆ? ನನಗೇ ಇನ್ನೂ ದಾರಿ ಗೊತ್ತಿಲ್ಲ.”

ಅದು ನಿಜವಾಗಿತ್ತು. ಹೊಲ ನೋಡಲು ಬರುತ್ತೇನೆಂದು ಪ್ರತಿ ಬೇಸಿಗೆ ಹೇಳಿ ಪ್ರತಿ ಬೇಸಿಗೆ ತಪ್ಪಿಸಿದ್ದರು. ಒಮ್ಮೆ ನಿಂಗರಾಜ ಅವರಿಗಾಗಿ ಬಾಡಿಗೆ ಕಾರು ಹೇಳಿ, ಗದ್ದೆಮ್ಮ ಹೋಳಿಗೆ ಮಾಡಿ, ಕೊನೆಗೆ ಆ ಹೋಳಿಗೆ ಡ್ರೈವರ್ ತಿಂದಿದ್ದ.

“ನೋಡಮ್ಮ, ನಿನಗೋಸ್ಕರ ಹೇಳ್ತಿದೀನಿ. ಮುಂದಿನ ವಾರ ಸಮಿತಿ ಕೂರತ್ತೆ, ಹೊರಗಿನಿಂದ ತಜ್ಞರು ಬರ್ತಿದ್ದಾರೆ. ಮೂರು ವರ್ಷ ಪೂರ್ತಿ ಆಯ್ತು ಅಂದ್ರೆ ಬರೆಯೋಕೆ ಒಪ್ಪಿಗೆ ಕೊಡ್ತಾರೆ. ಬೇಗ ಡಿಗ್ರಿ ತಗೊಂಡು ಎಲ್ಲಾದ್ರೂ ಒಂದು ಕೆಲಸ ಹಿಡಿ. ಪಾಪ, ನಿನ್ನ ಪರಿಸ್ಥಿತಿಯಲ್ಲಿ ಇನ್ನೂ ವರ್ಷ ಎಳೆಯೋದು ಬೇಡ.”

ಹಾಸ್ಟೆಲಿನ ಕೋಣೆಯ ಗೆಳತಿ ಗುಲ್ಷನ್‌ಬೀ ಸಿಂಧನೂರಿನವಳು. ರಸಾಯನಶಾಸ್ತ್ರದಲ್ಲಿ ಸಂಶೋಧನೆ. ಪಾಪ ಎನ್ನದಿದ್ದವಳು ಅವಳೊಬ್ಬಳೇ. ಅಂಬಿಕಾ ಬಂದ ದಿನ ಏನೂ ಮಾತಾಡದೆ ಅವಳ ಬಟ್ಟೆಗಳನ್ನೆಲ್ಲ ಒಗೆದು ಹಾಕಿದ್ದಳು.

“ಹಾಕಿಬಿಡು ಒಂದು ನಂಬರ್ರು,” ಎಂದಳು ಗುಲ್ಷನ್‌ಬೀ, ಮೆಸ್ಸಿನ ತಟ್ಟೆಯಲ್ಲಿ ಸಾರಿನಿಂದ ಬೇಳೆ ಹುಡುಕುತ್ತ. “ಇಲ್ಲಿ ಎಷ್ಟು ಮಂದಿ ಹಾಕಿಲ್ಲ? ನಿಮ್ಮ ಸಾಹೇಬರಂತೂ ಹೊಲ ನೋಡದ ಹೊಲದ ತಜ್ಞ.”

“ನೀ ಹಾಕ್ತಿದ್ದೇನ?”

“ನಾನಾ? ಖರೇ ಹೇಳ್ಲಾ? ಹಾಕ್ತಿದ್ದೆ. ಆಮ್ಯಾಲ ಸಾಯೋ ತನಕ ಬೈಕೊಂತ ಇರ್ತಿದ್ದೆ.” ತಟ್ಟೆ ಸರಿಸಿದಳು. “ನೀ ಏನ್ ಮಾಡ್ತಿ?”

“ಗೊತ್ತಿಲ್ಲ.”

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಡಿಗ್ರಿ ಬೇಕಿತ್ತು. ಅದಿಲ್ಲದಿದ್ದರೆ ಗೊರೇಬಾಳದಲ್ಲಿ ಅಣ್ಣನ ಮನೆಯ ಮೂಲೆ, ಇಲ್ಲವೇ ಗುರುಗುಂಟಾದ ಪಡಸಾಲೆ. ಎರಡೂ ಕಡೆ ಅವಳಿಗೊಂದು ಚಾಪೆ, ಒಂದು ತಟ್ಟೆ, ಒಂದು ನಿಟ್ಟುಸಿರು ತಪ್ಪುವುದಿಲ್ಲ. ಒಂದು ಸುಳ್ಳು ಸಂಖ್ಯೆ ಅದನ್ನೆಲ್ಲ ತಪ್ಪಿಸುತ್ತದೆ ಎಂದಾದರೆ ಆ ಸಂಖ್ಯೆ ಯಾರಿಗೆ ಏನು ಅನ್ಯಾಯ ಮಾಡುತ್ತದೆ? ಸಮಿತಿಯ ದಿನ ಬೆಳಿಗ್ಗೆ ಜಡೆ ಹೆಣೆಯುವಾಗಲೂ ಅವಳು ಆ ಸುಳ್ಳು ಸಂಖ್ಯೆ ಹೇಳಿಬಿಡುವುದೆಂದೇ ಇದ್ದಳು. ಪ್ರೊಫೆಸರ್ ಹೇಳಿದಂತೆ ಗೆರೆ ಎಳೆದಿದ್ದಳು ಕೂಡ.

*

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಹೊರಗಿನಿಂದ ಬಂದ ತಜ್ಞೆ ವಯಸ್ಸಾದ ಹೆಂಗಸು, ಮಣ್ಣಿನ ಕೆಲಸದಲ್ಲೇ ಮುದುಕಿಯಾದವರು, ಉಗುರು ಮೊಂಡು. ಅಂಬಿಕಾ ತನ್ನ ಪಟ್ಟಿಗಳ ಬಗ್ಗೆ, ಮೊದಲೆರಡು ವರ್ಷದ ಮಣ್ಣಿನ ಬಗ್ಗೆ, ಸಜ್ಜೆಯ ತೆನೆಯ ತೂಕದ ಬಗ್ಗೆ ಹೇಳಿದಳು. ಅಲ್ಲಿಯವರೆಗೆ ದನಿ ಸರಿಯಾಗಿಯೇ ಇತ್ತು. ತಜ್ಞೆ ಕನ್ನಡಕ ತೆಗೆದು ಕೇಳಿದರು.

“ಸುತ್ತ ಎಲ್ಲ ಕುರಿ ಸಾಕುವವರು. ಬೇಲಿ ಇಲ್ಲ. ಆ ಒಂದು ಪಟ್ಟಿಗೆ ಕುರಿ ಬರದಂತೆ ಹೇಗೆ ನೋಡಿಕೊಂಡಿರಿ?”

ಸರಿಯಾದ ಪ್ರಶ್ನೆ. ತಾನೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಕೇಳುತ್ತಿದ್ದಳು.

“ಕಾವಲಿತ್ತು ಮೇಡಂ. ಮನೆಯವರೊಬ್ಬರು ಹೊಲದಲ್ಲೇ ಇರ್ತಿದ್ದರು.”

“ಈ ವರ್ಷ?”

ಅಂಬಿಕಾ ಬಾಯಿ ತೆರೆದಳು. ಅವಳಿಗಿಂತ ಮೊದಲು ಹನುಮಂತರಾಯರು ಮುಂದಕ್ಕೆ ಬಾಗಿ, ಮೃದುವಾಗಿ, ಅವಳ ಹೊರೆ ತಾವೇ ಹೊತ್ತವರಂತೆ ಹೇಳಿದರು.

“ಈ ವರ್ಷವೂ ಅದೇ ಏರ್ಪಾಡು ಮೇಡಂ. ಅದೇ ವ್ಯಕ್ತಿ ನೋಡಿಕೊಳ್ಳುತ್ತಿದ್ದಾರೆ.”

ಅದೇ ವ್ಯಕ್ತಿ. ಆ ಹೆಣವನ್ನು ತೊಳೆದವರಲ್ಲಿ ಅವಳೂ ಒಬ್ಬಳು. ಎಡಗಾಲಿನ ಚಪ್ಪಲಿ ಸಿಕ್ಕಿರಲೇ ಇಲ್ಲ.

“ಇಲ್ಲ,” ಎಂದಳು.

ಕೋಣೆಯಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು.

“ಇಲ್ಲ ಮೇಡಂ. ಕಾವಲಿದ್ದದ್ದು ನನ್ನ ಗಂಡ. ಅವರು ಸತ್ತಿದ್ದಾರೆ. ಅವರು ಸತ್ತರೆಂದು ಬಂಧುಗಳು ಅವರ ಹೆಸರಿನಲ್ಲಿ ಆ ಪಟ್ಟಿಗೇ ಕುರಿ ತರುಬಿದ್ದಾರೆ. ಅದು ನಮ್ಮವರ ಪದ್ಧತಿ. ಮೂರನೇ ವರ್ಷದ ಸೊನ್ನೆ ನನ್ನ ಹತ್ತಿರ ಇಲ್ಲ. ನಾನು ಬರೆದುಕೊಂಡು ಬಂದಿರೋ ಸಂಖ್ಯೆ ಮಣ್ಣಿನಿಂದ ಬಂದದ್ದಲ್ಲ.”

“ಅಂಬಿಕಾ, ನೀನು ಈಗ ಸರಿ ಇಲ್ಲ. ಪಾಪ, ಇವಳಿಗೆ ಇತ್ತೀಚೆಗೆ...”

“ಪಾಪ ಅನ್ನಬೇಡಿ ಸರ್.” ದನಿ ಏರಿತು. ಇಳಿಸಲು ಅವಳು ಪ್ರಯತ್ನಿಸಲಿಲ್ಲ. “ನಾನು ಸರಿ ಇದ್ದೀನಿ. ಆ ಪಟ್ಟಿ ಸರಿ ಇಲ್ಲ.”

ತಜ್ಞೆ ಅವಳಿಗೆ ಸಂತಾಪ ಹೇಳಲಿಲ್ಲ, ಹೊಗಳಲೂ ಇಲ್ಲ. ಕೆಲಸದ ಮಾತು ಕೇಳಿದರು.

“ಅದೇ ಹೊಲದಲ್ಲಿ, ಅದೇ ಮಣ್ಣಿನಲ್ಲಿ, ಅದೇ ಬೆಳೆ ಬಿತ್ತಿದ, ಕುರಿ ತರುಬದ ನೆಲ ಇನ್ನೆಲ್ಲಾದರೂ ಇದೆಯೇ? ಇದ್ದರೆ ಅಲ್ಲಿಂದ ಮುಂದುವರಿಸಬಹುದು. ಇಲ್ಲದಿದ್ದರೆ ಮೊದಲಿನಿಂದ ಶುರು. ಎರಡಕ್ಕೂ ಕಾಲ ಹಿಡಿಯುತ್ತದೆ, ಫೆಲೋಶಿಪ್ ಇರುವುದಿಲ್ಲ. ಬಿತ್ತನೆಯೊಳಗೆ ತಿಳಿಸಿ.”

ಹೊರಗೆ ಕಾರಿಡಾರಿನಲ್ಲಿ ಹನುಮಂತರಾಯರು ಅವಳನ್ನು ತಡೆದರು. ಮೃದುತನವೆಲ್ಲ ಹೋಗಿತ್ತು.

“ಎಲ್ಲರೆದುರು ನನ್ನ ಮರ್ಯಾದೆ ತೆಗೆದೆ. ನಿನಗೆ ಒಳ್ಳೇದು ಮಾಡೋಕೆ ಹೋಗಿ...”

“ಸತ್ತವರನ್ನ ಕಾವಲಿಗೆ ನಿಲ್ಲಿಸಿದಿರಿ ಸರ್,” ಎಂದಳು ಅಂಬಿಕಾ. “ಅದು ಯಾರ ಒಳ್ಳೇದಕ್ಕೆ?”

ಉತ್ತರಕ್ಕೆ ನಿಲ್ಲದೆ ಮೆಟ್ಟಿಲಿಳಿದಳು. ಹಾಸ್ಟೆಲಿನಲ್ಲಿ ಗುಲ್ಷನ್‌ಬೀ ಎಲ್ಲ ಕೇಳಿ, “ಹುಚ್ಚಿ,” ಎಂದಳು. ಆಮೇಲೆ ಬ್ಯಾಗು ತುಂಬಲು ತಾನೇ ಕೂತಳು.

*

ಕುರಿ ತರುಬದ ನೆಲ ಎಲ್ಲಿದೆ ಎಂಬುದು ಬಸ್ಸಿನಲ್ಲಿ ಲಿಂಗಸುಗೂರು ಹತ್ತಿರವಾದಂತೆ ಅವಳಿಗೆ ಹೊಳೆಯಿತು. ಸಂಜೆ ಪಡಸಾಲೆಯಲ್ಲಿ ಅತ್ತೆ ಮಾವ ಇಬ್ಬರೂ ಇದ್ದಾಗ ನಿಂತುಕೊಂಡೇ ಕೇಳಿದಳು.

“ಮಾವಾ, ಹೊಲದ ಮೂಡಲ ಮೂಲೆಯಾಗ ಕುರಿ ತರುಬ್ತೀರೇನ್ರಿ?”

ಆದೆಪ್ಪ ಅವಳನ್ನೇ ನೋಡಿದ. “ಅಲ್ಲಿ ಹ್ಯಾಂಗ ತರುಬ್ತಾರ? ಹಿರೇರು ಅದಾರ ಅಲ್ಲಿ.”

“ಬಿತ್ತೋದು?”

“ಗುಂಡಿ ಬಿಟ್ಟು ಸುತ್ತೂ ಬಿತ್ತತೀವಿ. ನಮ್ಮಜ್ಜನ ಕಾಲದಿಂದ.”

ಮೂಡಲ ಮೂಲೆಯಲ್ಲಿ ಆದೆಪ್ಪನ ಅಜ್ಜ, ಅಪ್ಪ ಮಣ್ಣಾಗಿದ್ದರು. ಈಗ ನಿಂಗರಾಜನೂ ಅಲ್ಲೇ ಇದ್ದ. ಹಿರಿಯರು ಮಲಗಿದ ಕಡೆ ಹಿಂಡು ನಿಲ್ಲಿಸುವ ರೂಢಿಯಿಲ್ಲ. ಇಡೀ ಹೊಲದಲ್ಲಿ ಸಜ್ಜೆ ಬಿತ್ತಿಯೂ ಕುರಿ ತರುಬದೆ ಉಳಿದ ನೆಲ ಅದೊಂದೇ.

“ಆ ಜಾಗ ನನಗ ಬೇಕು. ಗುಂಡಿ ಮುಟ್ಟೋದಿಲ್ಲ. ಸುತ್ತಲಿನ ನೆಲದಾಗ ಗೂಟ ನೆಡ್ತೀನಿ, ಮಣ್ಣು ತಗೀತೀನಿ, ಬಿತ್ತತೀನಿ.”

ಗದ್ದೆಮ್ಮ ಎದ್ದಳು. ಮಡಿಲಲ್ಲಿದ್ದ ಕಾಳು ನೆಲಕ್ಕೆ ಚೆಲ್ಲಿತು. “ಏನಂದಿ? ನನ್ನ ಮಗ ಮಲಗಿರೋ ಮಣ್ಣು ಅಗೀತೀಯೇನ? ಅಂವನ ಮ್ಯಾಲಿನ ಮಣ್ಣು ಇನ್ನೂ ಆರಿಲ್ಲ! ನಿನ್ನ ಡಿಗ್ರಿಗೆ ಈಗ ಹೆಣದ ಮಣ್ಣೂ ಬೇಕಾತೇನ?”

“ಬೇಕು.”

“ನಾಚಿಕಿ ಐತೇನ ನಿನಗ? ಅಳಲಿಲ್ಲ, ಕರೀಲಿಲ್ಲ. ಕಲ್ಲಿನಂಥಾಕಿ ಅಂತ ಮಂದಿ ಅಂದಿದ್ದು ಸುಳ್ಳಲ್ಲ.”

“ಕಲ್ಲೇ ಅನ್ರಿ,” ಎಂದಳು ಅಂಬಿಕಾ. “ಅಂವ ಹೋದಾಗಿಂದ ಎಲ್ಲಾರೂ ನನಗ ಒಳ್ಳೇದು ಮಾಡಾಕತ್ತೀರಿ. ನೀವು ಮಾಡಿದ್ರಿ, ಅಲ್ಲಿ ನಮ್ಮ ಸರ್ ಮಾಡಿದ್ರು. ಒಬ್ಬರೂ ನನ್ನ ಕೇಳಲಿಲ್ಲ. ನನ್ನ ಕೇಳದ ಮಾಡಿದ ಒಳ್ಳೇದಕ್ಕ ನನ್ನ ಮೂರು ವರ್ಷ ಮಣ್ಣಾತು, ಅಂವ ಕಾಯ್ದಿದ್ದೂ ಮಣ್ಣಾತು. ಇನ್ನ ಒಳ್ಳೇದು ಬ್ಯಾಡ ಅತ್ತೀ. ಕೇಳಿದ್ದು ಕೊಡ್ರಿ. ಇಲ್ಲಾಂದ್ರ ಕೊಡೋದಿಲ್ಲ ಅನ್ರಿ. ಪಾಪ ಅಂತ ಮಾತ್ರ ಅನಬ್ಯಾಡ್ರಿ.”

ಗದ್ದೆಮ್ಮ ಆದೆಪ್ಪನ ಕಡೆ ನೋಡಿದಳು. ಅವನು ಬಲೆ ಸುತ್ತಿಟ್ಟು, ಕಂಬಳಿ ಹೆಗಲಿಗೆ ಹಾಕಿ ಹೊಸ್ತಿಲು ದಾಟಿದ. ಕೊಡುತ್ತೇನೆ ಎನ್ನಲಿಲ್ಲ. ಕೊಡುವುದಿಲ್ಲ ಎಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅಂಬಿಕಾ ಬೇವಿನ ಬುಡದಲ್ಲಿದ್ದ ಕೆಂಪು ಗೂಟಗಳನ್ನು ಹೊತ್ತು ಮೂಡಲ ಮೂಲೆಗೆ ನಡೆದಳು. ಮೋಡ ಕಟ್ಟಿತ್ತು, ಇನ್ನು ಕಾಯುವ ಹಾಗಿರಲಿಲ್ಲ. ಹೊಸ ದಿಬ್ಬದ ಮೇಲೆ ಮುಳ್ಳುಕಂಟಿ ಹಾಸಿದ್ದರು. ಅವಳು ಅದನ್ನು ದಿಟ್ಟಿಸಲಿಲ್ಲ. ದಿಬ್ಬದಿಂದ ಹೆಜ್ಜೆ ಹಾಕಿ ದೂರ ಬಂದು ಹಗ್ಗ ಎಳೆದಳು, ಮೊದಲ ಗೂಟ ನಿಲ್ಲಿಸಿದಳು, ಕಲ್ಲೆತ್ತಿ ಬಡಿದಳು. ನೆಲ ಗಟ್ಟಿಯಿತ್ತು. ಮತ್ತೆ ಬಡಿದಳು. ಪ್ರೊಫೆಸರನ ಮೇಲೆ ಒಂದು, ಮಷೀನಿನ ಡ್ರೈವರನ ಮೇಲೆ ಒಂದು, ಹೇಳದೆ ಹೋದ ಗಂಡನ ಮೇಲೆ ಒಂದು.

ಹಿಂದೆ ಬಳೆಯ ಸದ್ದಾಯಿತು. ಗದ್ದೆಮ್ಮ ಬದುವಿನ ಮೇಲೆ ಸೆರಗು ಬಿಗಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಡೆಯಲು ಬಂದಿರಬೇಕು ಎಂದುಕೊಂಡರೂ ಅಂಬಿಕಾ ಕಲ್ಲು ಕೆಳಗಿಡಲಿಲ್ಲ.

ಅಷ್ಟರಲ್ಲಿ ಆಚೆ ದಾರಿಯಿಂದ ಯಮನೂರಮ್ಮನ ದನಿ ಬಂತು. ಬುತ್ತಿ ಹೊತ್ತು ಹೊಲಕ್ಕೆ ಹೊರಟವಳು ನಿಂತುಬಿಟ್ಟಿದ್ದಳು.

“ಏನ ಗದ್ದೆಮ್ಮಾ! ಸೊಸಿ ಈಗ ಗಂಡನ ಗುಂಡಿ ಅಳ್ಯಾಕತ್ತಾಳೇನ?”

“ಅಳೀಲಿ ಬಿಡಬೇ!” ಗದ್ದೆಮ್ಮ ತಿರುಗಿ ಕೂಗಿದಳು. “ನಿನ್ನ ಬಾಯಿ ಅಳ್ಯಾಕ ಇನ್ನೂ ಅಳತಿ ಹುಟ್ಟಿಲ್ಲ! ನಡಿ, ನಿನ್ನ ಗಂಡ ಹಸದಿದ್ದಾನು!”

ಯಮನೂರಮ್ಮ ಗೊಣಗುತ್ತ ಮುಂದೆ ಹೋದಳು. ಗದ್ದೆಮ್ಮ ಅದೇ ಸಿಟ್ಟಿನಲ್ಲಿ ಸೊಸೆಯ ಕಡೆ ಹೊರಳಿದಳು. ಹತ್ತಿರ ಬಂದು, ಅರ್ಧ ಇಳಿದಿದ್ದ ಗೂಟವನ್ನು ಕಾಲಿನಿಂದ ಒದ್ದು ಓರೆ ಮಾಡಿದಳು.

“ಆ ಕಡೆ ಅಂವನ ತಲಿ ಐತಿ. ಕಲ್ಲಿಲೆ ಬಡೀತೀಯಲ್ಲ, ಅಂವನ ಕಿವ್ಯಾಗ ಬಡದಂಗಾಗ್ತದ. ಈ ಕಡೆ ಬಡಿ.”

ಅಂಬಿಕಾ ಗೂಟ ಕಿತ್ತಳು. ಅವನ ಕಾಲಿನ ಕಡೆಗೆ ಬಂದು ನಿಲ್ಲಿಸಿದಳು. ಗದ್ದೆಮ್ಮ ಬಾಗಿ ಗೂಟದ ಬುಡ ಎರಡೂ ಕೈಯಲ್ಲಿ ಹಿಡಿದಳು, ಮುಖ ಮಾತ್ರ ಆಚೆ ತಿರುಗಿಸಿಕೊಂಡು.

ಅಂಬಿಕಾ ಕಲ್ಲೆತ್ತಿದಳು.